ಸಿಂಪಲ್ ಪ್ರೆಸೆಂಟ್ ಟೆನ್ಸ್: ಮನೆಮಾತಿನಿಂದ ಒಂದು ದಾರಿ



ಇಂಗ್ಲಿಷ್ ವ್ಯಾಕರಣದ ಯಾವ ಪುಸ್ತಕ ತೆರೆದರೂ ಮೊದಲು ಸಿಗುವ ಟೆನ್ಸ್ ಇದೇ. ಹೈಸ್ಕೂಲಿಗೆ ಬರುವ ಮೊದಲೇ ನಾವೆಲ್ಲ ಇದನ್ನು ಓದಿದ್ದೇವೆ, ಸೂತ್ರವನ್ನೂ ಬಾಯಿಪಾಠ ಮಾಡಿದ್ದೇವೆ. ಆದರೂ ‘ಹಿ ಗೋ’, ‘ಶಿ ಡೋಂಟ್ ನೋ’, ‘ಐ ಆಮ್ ಹ್ಯಾವಿಂಗ್ ಟೂ ಸಿಸ್ಟರ್ಸ್’ ಎಂಬ ವಾಕ್ಯಗಳು ಪಿಯುಸಿ ನೋಟ್‌ಬುಕ್ಕುಗಳಲ್ಲಿ ಈಗಲೂ ಬರುತ್ತಲೇ ಇವೆ. ಸೂತ್ರ ಗೊತ್ತಿದ್ದರೂ ತಪ್ಪು ನಿಲ್ಲುವುದಿಲ್ಲ ಎಂದರೆ, ಈ ಟೆನ್ಸ್ ಯಾವ ಅರ್ಥಕ್ಕೆ ಇದೆ ಎಂಬುದು ನಮಗೆ ಇನ್ನೂ ಸ್ಪಷ್ಟವಾಗಿಲ್ಲ ಎಂದೇ ಅರ್ಥ.

ಆ ಅರ್ಥ ನಮಗೆ ಹೊಸದಲ್ಲ. ನಾವು ಮನೆಯಲ್ಲಿ ಆಡುವ ಉರ್ದುವಿನಲ್ಲಿ, ಊರಿನಲ್ಲಿ ಆಡುವ ಕನ್ನಡದಲ್ಲಿ ಅದು ಮೊದಲೇ ಇದೆ. ಮನೆಮಾತು ಬೇರೆಯಾದ್ದರಿಂದ ಇಂಗ್ಲಿಷ್ ಬರುವುದಿಲ್ಲ ಎಂದು ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂರುವವರು ಇದನ್ನು ಒಮ್ಮೆ ಓದಿ ನೋಡಿ.

ಹೆಸರು ದಾರಿ ತಪ್ಪಿಸುತ್ತದೆ

‘ಪ್ರೆಸೆಂಟ್’ ಎಂದರೆ ವರ್ತಮಾನ, ವರ್ತಮಾನ ಎಂದರೆ ‘ಈಗ’ ಎಂದು ನಾವು ತಿಳಿಯುತ್ತೇವೆ. ತೊಂದರೆ ಇಲ್ಲಿಂದಲೇ ಶುರು. ಸಿಂಪಲ್ ಪ್ರೆಸೆಂಟ್ ಹೆಚ್ಚಾಗಿ ಹೇಳುವುದು ಈ ಕ್ಷಣ ನಡೆಯುತ್ತಿರುವ ಕೆಲಸವನ್ನಲ್ಲ. ರೂಢಿಯಾಗಿ ನಡೆಯುವುದನ್ನು, ಎಂದಿಗೂ ನಿಜವಾಗಿರುವುದನ್ನು, ಇದ್ದ ಹಾಗೇ ಇರುವುದನ್ನು ಅದು ಹೇಳುತ್ತದೆ.

‘ವಿ ಪ್ರೇ ಫೈವ್ ಟೈಮ್ಸ್ ಎ ಡೇ’ ಎಂದು ಹೇಳುವವನು ಆ ಹೊತ್ತಿನಲ್ಲಿ ನಮಾಜ್ ಮಾಡುತ್ತಿರಬೇಕಿಲ್ಲ. ಅವನು ಬಸ್ಸಿನಲ್ಲಿ ಕೂತಿರಬಹುದು, ಕ್ಲಾಸಿನಲ್ಲಿ ಇರಬಹುದು. ವಾಕ್ಯ ಆಗಲೂ ನಿಜ, ಏಕೆಂದರೆ ಅದು ನಿತ್ಯದ ರೂಢಿ. ಹಾಗೆಯೇ ‘ಐ ಫಾಸ್ಟ್ ಇನ್ ರಂಜಾನ್’ ಎಂದರೆ ಪ್ರತಿ ವರ್ಷ ರಂಜಾನಿನಲ್ಲಿ ರೋಜಾ ಇಡುತ್ತೇನೆ ಎಂದು. ‘ಐ ಆಮ್ ಫಾಸ್ಟಿಂಗ್ ಟುಡೇ’ ಎಂದರೆ ಇವತ್ತು ರೋಜಾದಲ್ಲಿದ್ದೇನೆ ಎಂದು. ಮೊದಲನೆಯದು ಸಿಂಪಲ್ ಪ್ರೆಸೆಂಟ್. ಎರಡನೆಯದು ಪ್ರೆಸೆಂಟ್ ಕಂಟಿನ್ಯೂಯಸ್.

ಮೂರು ಮಾತು ಪಕ್ಕಪಕ್ಕದಲ್ಲಿ

ನಮ್ಮ ದಖನಿ ಉರ್ದುವಿನಲ್ಲಿ ‘ಅಬ್ಬಾ ರೋಜ್ ದುಕಾನ್ ಕೊ ಜಾತೇ’ ಎನ್ನುತ್ತೇವೆ. ಯಾರಾದರೂ ದಾರಿಯಲ್ಲಿ ಅವರನ್ನು ನೋಡಿ ಹೇಳುವುದಾದರೆ ‘ಅಬ್ಬಾ ದುಕಾನ್ ಕೊ ಜಾರೇ’ ಎನ್ನುತ್ತೇವೆ. ಕಿತಾಬಿ ಉರ್ದುವಿನಲ್ಲಿ ಇವೇ ‘ಜಾತೇ ಹೈಂ’ ಮತ್ತು ‘ಜಾ ರಹೇ ಹೈಂ’. ಈ ಎರಡನ್ನು ನಮ್ಮ ಮನೆಯ ನಾಲ್ಕು ವರ್ಷದ ಮಗು ಕೂಡ ಅದಲುಬದಲು ಮಾಡುವುದಿಲ್ಲ.

ಕನ್ನಡದಲ್ಲಿಯೂ ಹೀಗೆಯೇ: ‘ಅಪ್ಪ ದಿನಾ ಅಂಗಡಿಗೆ ಹೋಗುತ್ತಾರೆ’, ‘ಅಪ್ಪ ಅಂಗಡಿಗೆ ಹೋಗುತ್ತಿದ್ದಾರೆ’.

ಇಂಗ್ಲಿಷಿನಲ್ಲಿ: ‘ಫಾದರ್ ಗೋಸ್ ಟು ದಿ ಶಾಪ್ ಎವ್ರಿ ಡೇ’, ‘ಫಾದರ್ ಈಸ್ ಗೋಯಿಂಗ್ ಟು ದಿ ಶಾಪ್’.

ಅಂದರೆ ‘ಜಾತೇ’ ಮತ್ತು ‘ಹೋಗುತ್ತಾರೆ’ ಇದ್ದಲ್ಲಿ ‘ಗೋಸ್’. ‘ಜಾರೇ’ ಮತ್ತು ‘ಹೋಗುತ್ತಿದ್ದಾರೆ’ ಇದ್ದಲ್ಲಿ ‘ಈಸ್ ಗೋಯಿಂಗ್’. ಬರೆಯುವ ಮೊದಲು ಮನಸ್ಸಿನಲ್ಲಿ ಒಮ್ಮೆ ಮನೆಮಾತಿನಲ್ಲಿ ಹೇಳಿಕೊಂಡರೆ ಯಾವ ಟೆನ್ಸ್ ಎಂಬುದು ಅಲ್ಲಿಯೇ ತೀರ್ಮಾನವಾಗುತ್ತದೆ. ಲಂಬಾಣಿ, ತಮಿಳು, ತೆಲುಗು ಮಾತನಾಡುವ ಗೆಳೆಯರೂ ತಮ್ಮ ಮನೆಮಾತಿನಲ್ಲಿ ಈ ಜೋಡಿಯನ್ನು ಹುಡುಕಿ ನೋಡಲಿ.

ಒಂದು ಕಡೆ ಮಾತ್ರ ಎಚ್ಚರ ಬೇಕು. ಕನ್ನಡದ ‘ಬರುತ್ತೇನೆ’ ನಾಳೆಯ ಮಾತಿಗೂ ನಡೆಯುತ್ತದೆ: ‘ನಾಳೆ ಬರುತ್ತೇನೆ’. ದಖನಿಯಲ್ಲಿಯೂ ‘ಕಲ್ ಆತೂಂ’ ಎನ್ನುತ್ತೇವೆ. ಇದನ್ನು ಹಾಗೆಯೇ ‘ಐ ಕಮ್ ಟುಮಾರೋ’ ಎಂದು ಮಾಡಬಾರದು. ಮಾತು ಕೊಡುವಾಗ ‘ಐ ವಿಲ್ ಕಮ್ ಟುಮಾರೋ’ ಎನ್ನಬೇಕು. ‘ದಿನಾ’ ಎಂಬ ಪದ ಸೇರಿಸಿದರೆ ವಾಕ್ಯ ಸರಿ ಕೇಳುತ್ತದೆಯೇ, ‘ನಾಳೆ’ ಸೇರಿಸಿದರೆ ಸರಿ ಕೇಳುತ್ತದೆಯೇ ಎಂದು ನೋಡಿದರೆ ಇವೆರಡರ ವ್ಯತ್ಯಾಸ ತಿಳಿಯುತ್ತದೆ.

ರಚನೆ: ಒಂದೇ ಒಂದು ಎಸ್

ಕನ್ನಡದಲ್ಲಿ ಕ್ರಿಯಾಪದದ ಕೊನೆ ಎಷ್ಟು ಸಲ ಬದಲಾಗುತ್ತದೆ ನೋಡಿ: ನಾನು ಹೋಗುತ್ತೇನೆ, ನಾವು ಹೋಗುತ್ತೇವೆ, ನೀನು ಹೋಗುತ್ತೀಯ, ನೀವು ಹೋಗುತ್ತೀರಿ, ಅವನು ಹೋಗುತ್ತಾನೆ, ಅವಳು ಹೋಗುತ್ತಾಳೆ, ಅವರು ಹೋಗುತ್ತಾರೆ, ಅದು ಹೋಗುತ್ತದೆ, ಅವು ಹೋಗುತ್ತವೆ. ಒಟ್ಟು 9 ರೂಪ. ಇಷ್ಟನ್ನು ತಪ್ಪಿಲ್ಲದೆ ಆಡುವ ನಮಗೆ ಇಂಗ್ಲಿಷಿನಲ್ಲಿ ಎರಡೇ ರೂಪ ಸಾಕು.

ಐ, ವಿ, ಯು, ದೇ ಜೊತೆಗೆ ‘ಗೋ’.
ಹಿ, ಶಿ, ಇಟ್ ಜೊತೆಗೆ ‘ಗೋಸ್’.

ಹಿ, ಶಿ, ಇಟ್ ಎಂಬ ಪದಗಳ ಜಾಗದಲ್ಲಿ ಒಬ್ಬರ ಹೆಸರು ಅಥವಾ ಒಂದು ವಸ್ತುವಿನ ಹೆಸರು ಬಂದರೂ ಎಸ್ ಬೇಕು: ‘ದಿ ಬಸ್ ಸ್ಟಾಪ್ಸ್ ಹಿಯರ್’, ‘ಮೈ ಸಿಸ್ಟರ್ ಸ್ಟಡೀಸ್ ಕಾಮರ್ಸ್’. ‘ಎವ್ರಿವನ್’, ‘ಈಚ್ ಸ್ಟೂಡೆಂಟ್’ ಎಂಬುವು ಕೇಳಲು ಬಹಳ ಜನರಂತೆ ಕಂಡರೂ ಒಬ್ಬೊಬ್ಬರನ್ನಾಗಿ ಲೆಕ್ಕ ಹಿಡಿಯುತ್ತವೆ. ಹಾಗಾಗಿ ‘ಎವ್ರಿವನ್ ನೋಸ್’.

ಎಸ್ ಸೇರಿಸುವಾಗ ಸ್ಪೆಲಿಂಗ್ ಹೀಗೆ:

1. ಹೆಚ್ಚಿನ ಕ್ರಿಯಾಪದಗಳಿಗೆ ಎಸ್ ಮಾತ್ರ: ರೀಡ್ಸ್, ವರ್ಕ್ಸ್, ಸೆಲ್ಸ್.

2. ಕೊನೆಯಲ್ಲಿ ಎಸ್‌ಎಸ್, ಎಸ್‌ಎಚ್, ಸಿಎಚ್, ಎಕ್ಸ್ ಇದ್ದರೆ ಇ-ಎಸ್: ಪಾಸಸ್, ವಾಷಸ್, ಟೀಚಸ್, ಫಿಕ್ಸಸ್. ‘ಗೋ’ ಮತ್ತು ‘ಡು’ ಪದಗಳಿಗೂ ಇ-ಎಸ್: ಗೋಸ್, ಡಸ್.

3. ಕೊನೆಯಲ್ಲಿ ವೈ ಇದ್ದು ಅದರ ಹಿಂದೆ ವ್ಯಂಜನ ಇದ್ದರೆ ವೈ ಹೋಗಿ ಐ-ಇ-ಎಸ್ ಬರುತ್ತದೆ: ಸ್ಟಡಿ ಎಂಬುದು ಸ್ಟಡೀಸ್, ಕ್ಯಾರಿ ಎಂಬುದು ಕ್ಯಾರೀಸ್. ವೈ ಹಿಂದೆ ಸ್ವರ ಇದ್ದರೆ ವೈ ಉಳಿಯುತ್ತದೆ: ಪೇಸ್, ಪ್ಲೇಸ್, ಬೈಸ್.

4. ‘ಹ್ಯಾವ್’ ಎಂಬುದು ‘ಹ್ಯಾಸ್’ ಆಗುತ್ತದೆ. ‘ಬಿ’ ಎಂಬುದು ಪೂರ್ತಿ ಬೇರೆ: ಐ ಆಮ್, ಹಿ ಈಸ್, ವಿ ಆರ್.

5. ಕ್ಯಾನ್, ವಿಲ್, ಮೇ, ಮಸ್ಟ್ ಪದಗಳಿಗೆ ಎಸ್ ಇಲ್ಲ. ಅವುಗಳ ಮುಂದಿನ ಕ್ರಿಯಾಪದಕ್ಕೂ ಇಲ್ಲ: ‘ಶಿ ಕ್ಯಾನ್ ಸ್ವಿಮ್’.

ಓದುವಾಗ ಈ ಎಸ್ ಎಲ್ಲ ಕಡೆ ಒಂದೇ ಸದ್ದು ಮಾಡುವುದಿಲ್ಲ. ಕ್, ಪ್, ಟ್, ಫ್ ಸದ್ದಿನ ನಂತರ ‘ಸ್’ ಎಂದೇ ಕೇಳುತ್ತದೆ: ವರ್ಕ್ಸ್, ಹೆಲ್ಪ್ಸ್, ರೈಟ್ಸ್. ‘ರೀಡ್ಸ್’, ‘ಗೋಸ್’ ಮುಂತಾದ ಕಡೆ ಅದು ‘ನಮಾಜ್’ ಪದದ ಕೊನೆಯಲ್ಲಿ ನಾವು ಉರ್ದುವಿನಲ್ಲಿ ಹೊರಡಿಸುವ ಸದ್ದು. ‘ಟೀಚಸ್’, ‘ವಾಷಸ್’ ಮುಂತಾದ ಕಡೆ ಅದೇ ಸದ್ದಿನ ಮುಂದೆ ಒಂದು ಸಣ್ಣ ‘ಇ’ ಸೇರುತ್ತದೆ. ಉರ್ದು ಮನೆಯವರಿಗೆ ಈ ಸದ್ದು ಕಷ್ಟವೇ ಅಲ್ಲ.

ಗೌರವದಿಂದ ಆಗುವ ತಪ್ಪು

‘ಮೈ ಫಾದರ್ ಗೋ ಟು ದಿ ಶಾಪ್’ ಎಂಬ ವಾಕ್ಯ ನಮ್ಮಲ್ಲಿ ಬಹಳ ಸಾಮಾನ್ಯ. ಇದಕ್ಕೆ ಒಂದು ಕಾರಣ ನಮ್ಮ ಅದಬ್ ಇರಬೇಕು ಎಂದು ನನಗನಿಸುತ್ತದೆ. ಉರ್ದುವಿನಲ್ಲಿ ಅಬ್ಬಾ ಒಬ್ಬರೇ ಇದ್ದರೂ ‘ಜಾತೇ’ ಎನ್ನುತ್ತೇವೆ, ‘ಜಾತಾ’ ಎನ್ನುವುದಿಲ್ಲ. ಕನ್ನಡದಲ್ಲಿಯೂ ‘ಅಪ್ಪ ಹೋಗುತ್ತಾರೆ’, ‘ಪ್ರಿನ್ಸಿಪಾಲರು ಬರುತ್ತಾರೆ’. ಎರಡೂ ಬಹುವಚನದ ರೂಪ. ಮನಸ್ಸು ಬಹುವಚನದಲ್ಲಿ ಓಡುತ್ತಿರುವಾಗ ಕೈ ‘ಗೋ’ ಎಂದು ಬರೆಯುವುದು ಸಹಜ.

ಇಂಗ್ಲಿಷಿನ ಕ್ರಿಯಾಪದ ಗೌರವವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದು ತಲೆ ಎಣಿಸುತ್ತದೆ, ಅಷ್ಟೆ. ಅಪ್ಪ ಒಬ್ಬರು, ಆದ್ದರಿಂದ ‘ಗೋಸ್’. ಮೌಲಾನಾ ಒಬ್ಬರು, ‘ಟೀಚಸ್’. ಪ್ರಿನ್ಸಿಪಾಲರು ಒಬ್ಬರು, ‘ಕಮ್ಸ್’. ಎಸ್ ಹಾಕಿದರೆ ಏಕವಚನದಲ್ಲಿ ಕರೆದಂತಾಯಿತು ಎಂಬ ಅಳುಕು ಬೇಡ. ಆ ಭಾಷೆಯಲ್ಲಿ ದೊಡ್ಡವರಿಗೂ ಇದೇ ರೂಪ.

ಈ ಎಸ್ ಏಕೆ ಉಳಿಯಿತು?

ಹಳೆಯ ಇಂಗ್ಲಿಷಿನಲ್ಲಿ ಕನ್ನಡದ ಹಾಗೆ ಕ್ರಿಯಾಪದಕ್ಕೆ ಹಲವು ಕೊನೆಗಳಿದ್ದವು. ನಾನು, ನೀನು, ಅವನು ಎಂಬುದಕ್ಕೆ ತಕ್ಕಂತೆ ರೂಪ ಬದಲಾಗುತ್ತಿತ್ತು. ಶತಮಾನಗಳು ಕಳೆದಂತೆ ಅವು ಒಂದೊಂದೇ ಸವೆದುಹೋದವು. 1611ರಲ್ಲಿ ಅಚ್ಚಾದ ಕಿಂಗ್ ಜೇಮ್ಸ್ ಬೈಬಲಿನಲ್ಲಿ ‘ಗೋಸ್’ ಬದಲಿಗೆ ‘ಗೋಯೆತ್’ ಎಂಬ ಹಳೆಯ ರೂಪವಿದೆ. ಇಂಗ್ಲೆಂಡಿನ ಉತ್ತರ ಭಾಗದ ಆಡುಮಾತಿನಲ್ಲಿದ್ದ ಎಸ್ ನಿಧಾನವಾಗಿ ದಕ್ಷಿಣಕ್ಕೂ ಹರಡಿ, ‘ಎತ್’ ಎಂಬುದನ್ನು ಹಿಂದೆ ಸರಿಸಿತು. ಷೇಕ್ಸ್‌ಪಿಯರನ ಬರವಣಿಗೆಯಲ್ಲಿ ಎರಡೂ ಸಿಗುತ್ತವೆ.

ಇಲ್ಲ ಎನ್ನುವಾಗ, ಪ್ರಶ್ನೆ ಕೇಳುವಾಗ

ಕನ್ನಡದಲ್ಲಿ ‘ಹೋಗುತ್ತಾನೆ’, ‘ಹೋಗುತ್ತಾಳೆ’, ‘ಹೋಗುತ್ತಾರೆ’ ಎಂದು ಬೇರೆ ಬೇರೆ ಇರುವುದು ‘ಇಲ್ಲ’ ಎಂದಾಗ ಒಂದೇ ಆಗಿಬಿಡುತ್ತದೆ: ಅವನು ಹೋಗುವುದಿಲ್ಲ, ಅವಳು ಹೋಗುವುದಿಲ್ಲ, ಅವರು ಹೋಗುವುದಿಲ್ಲ. ಇಂಗ್ಲಿಷಿನಲ್ಲೂ ‘ನಾಟ್’ ಬಂದಾಗ ಮುಖ್ಯ ಕ್ರಿಯಾಪದ ತನ್ನ ಎಸ್ ಬಿಟ್ಟುಕೊಡುತ್ತದೆ. ಆ ಎಸ್ ಅನ್ನು ‘ಡು’ ಎಂಬ ಸಹಾಯಕ ಕ್ರಿಯಾಪದ ತೆಗೆದುಕೊಂಡು ‘ಡಸ್’ ಆಗುತ್ತದೆ.

‘ಹಿ ಗೋಸ್’ ಎಂಬುದು ‘ಹಿ ಡಸ್ ನಾಟ್ ಗೋ’ ಆಗುತ್ತದೆ.
‘ದೇ ಗೋ’ ಎಂಬುದು ‘ದೇ ಡು ನಾಟ್ ಗೋ’ ಆಗುತ್ತದೆ.

ಪ್ರಶ್ನೆಯಲ್ಲಿ ಇದೇ ಸಹಾಯಕ ಮುಂದಕ್ಕೆ ಬರುತ್ತದೆ: ‘ಡಸ್ ಹಿ ಗೋ?’, ‘ವೇರ್ ಡಸ್ ಶಿ ಲಿವ್?’, ‘ಡು ದೇ ಸೆಲ್ ಕೋಕೊನಟ್ಸ್?’

ನಮ್ಮ ಅಂಗಡಿ ಲೆಕ್ಕದಲ್ಲಿ ಹೇಳುವುದಾದರೆ ಎಸ್ ಎಂಬುದು ಒಂದು ಬಾಕಿ. ಅದನ್ನು ಒಮ್ಮೆ ಮಾತ್ರ ತೀರಿಸಬೇಕು. ‘ಡಸ್’ ತೀರಿಸಿದ ಮೇಲೆ ‘ಗೋ’ ಮತ್ತೆ ತೀರಿಸಬೇಕಿಲ್ಲ. ಆದ್ದರಿಂದ ‘ಹಿ ಡಸ್ ನಾಟ್ ಗೋಸ್’ ಎಂದರೆ ಎರಡು ಸಲ ಕೊಟ್ಟ ಹಾಗೆ. ‘ಹಿ ಡೋಂಟ್ ಗೋ’ ಎಂದರೆ ಕೊಡದೇ ಉಳಿಸಿಕೊಂಡ ಹಾಗೆ. ‘ಆಮ್, ಈಸ್, ಆರ್’ ಇದ್ದಾಗ ‘ಡು’ ಬರುವುದೇ ಇಲ್ಲ: ‘ಶಿ ಈಸ್ ನಾಟ್ ಅಟ್ ಹೋಮ್’, ‘ಈಸ್ ಶಿ ಅಟ್ ಹೋಮ್?’

ಎಲ್ಲೆಲ್ಲಿ ಬಳಸಬೇಕು?

ರೂಢಿಗೆ: ಆಲ್ವೇಸ್, ಯೂಶುವಲಿ, ಸಮ್‌ಟೈಮ್ಸ್, ನೆವರ್, ಎವ್ರಿ ಡೇ ಎಂಬ ಪದಗಳು ಜೊತೆಗೆ ಬರುವುದು ಹೆಚ್ಚು. ‘ಹಿ ಆಲ್ವೇಸ್ ಕಮ್ಸ್ ಲೇಟ್.’

ಎಂದಿಗೂ ನಿಜವಾದುದಕ್ಕೆ: ನಮ್ಮ ಸುತ್ತಮುತ್ತಲಿನ ಭೂಗೋಳದಿಂದಲೇ ಉದಾಹರಣೆ ಕೊಡಬಹುದು. ವೇದಾ ಮತ್ತು ಆವತಿ ಎರಡೂ ಬಾಬಾಬುಡನ್ ಗಿರಿಯ ಕಡೆಯಿಂದ ಹರಿದು ಬರುತ್ತವೆ. ವೇದಾ ಅಯ್ಯನಕೆರೆಗೆ ಬರುತ್ತದೆ, ಆವತಿ ನಮ್ಮ ಮದಗದ ಕೆರೆಗೆ ಬರುತ್ತದೆ. ಮುಂದೆ ಕಡೂರಿನ ಬಳಿ ಎರಡೂ ಸೇರಿ ವೇದಾವತಿಯಾಗುತ್ತವೆ. ಇದನ್ನು ಇಂಗ್ಲಿಷಿನಲ್ಲಿ ಬರೆದರೆ ಎಲ್ಲ ಕ್ರಿಯಾಪದಗಳೂ ಸಿಂಪಲ್ ಪ್ರೆಸೆಂಟ್: ‘ದಿ ವೇದಾ ಫ್ಲೋಸ್’, ‘ಟೂ ರಿವರ್ಸ್ ಮೀಟ್’. ಬೇಸಿಗೆಯಲ್ಲಿ ನೀರು ಇಲ್ಲದಿದ್ದರೂ ಭೂಗೋಳದ ಪುಸ್ತಕದಲ್ಲಿ ‘ಫ್ಲೋಸ್’ ಎಂದೇ ಇರುತ್ತದೆ. ‘ಈಸ್ ಫ್ಲೋಯಿಂಗ್’ ಎಂದರೆ ಇವತ್ತು ಹೋಗಿ ನೋಡಿಬಂದ ಸುದ್ದಿಯಾಗುತ್ತದೆ. ತರೀಕೆರೆ ಬಳಿಯ ಅಮೃತಾಪುರದ ಅಮೃತೇಶ್ವರ ದೇವಾಲಯ 1196ರಲ್ಲಿ ಕಟ್ಟಿದ್ದು. ಕಟ್ಟಿದ್ದು ಹಿಂದಿನ ಮಾತು, ಆದರೆ ದೇವಾಲಯ ಈಗಲೂ ನಿಂತಿದೆ: ‘ದಿ ಟೆಂಪಲ್ ಸ್ಟ್ಯಾಂಡ್ಸ್ ಇನ್ ಅಮೃತಾಪುರ’.

ವೇಳಾಪಟ್ಟಿಗೆ: ಮುಂದೆ ನಡೆಯುವುದಾದರೂ ಮೊದಲೇ ನಿಗದಿಯಾಗಿದ್ದರೆ ಸಿಂಪಲ್ ಪ್ರೆಸೆಂಟ್ ನಡೆಯುತ್ತದೆ: ‘ದಿ ಎಕ್ಸಾಮ್ ಸ್ಟಾರ್ಟ್ಸ್ ಆನ್ ಮಂಡೇ’, ‘ದಿ ಟ್ರೈನ್ ಲೀವ್ಸ್ ಅಟ್ ಸಿಕ್ಸ್’. 2013ರಲ್ಲಿ ಶುರುವಾದ ಕಡೂರು–ಚಿಕ್ಕಮಗಳೂರು ರೈಲು ದಾರಿಯ ವೇಳಾಪಟ್ಟಿಯನ್ನು ಇಂಗ್ಲಿಷಿನಲ್ಲಿ ಹೇಳಿ ನೋಡಿ, ಒಳ್ಳೆಯ ಅಭ್ಯಾಸ.

‘ಇಫ್’ ಮತ್ತು ‘ವೆನ್’ ನಂತರ: ‘ಇಫ್ ಇಟ್ ರೇನ್ಸ್ ಟುಮಾರೋ, ವಿ ವಿಲ್ ನಾಟ್ ಪ್ಲೇ’. ನಾಳೆಯ ಮಾತಾದರೂ ‘ಇಫ್’ ಭಾಗದಲ್ಲಿ ‘ವಿಲ್’ ಇಲ್ಲ. ಇದು ವಿಚಿತ್ರ ಎನಿಸಿದರೆ ಕನ್ನಡ ನೋಡಿ: ‘ನಾಳೆ ಮಳೆ ಬಂದರೆ’. ಇಲ್ಲಿಯೂ ಭವಿಷ್ಯತ್ ರೂಪವಿಲ್ಲ.

ಐಎನ್‌ಜಿ ಒಪ್ಪದ ಪದಗಳು

ನೋ, ವಾಂಟ್, ಲೈಕ್, ಬಿಲೀವ್, ಬಿಲಾಂಗ್, ಇನ್ನು ‘ಇದೆ’ ಎಂಬ ಅರ್ಥದ ಹ್ಯಾವ್: ಇವು ಮಾಡುವ ಕೆಲಸಗಳಲ್ಲ, ಇರುವ ಸ್ಥಿತಿಗಳು. ಇವನ್ನು ‘ಈಗ’ ಹೇಳುವಾಗಲೂ ಸಿಂಪಲ್ ಪ್ರೆಸೆಂಟಿನಲ್ಲೇ ಹೇಳಬೇಕು. ‘ಐ ನೋ’ ಸರಿ, ‘ಐ ಆಮ್ ನೋಯಿಂಗ್’ ತಪ್ಪು. ಕನ್ನಡದಲ್ಲಿ ‘ನನಗೆ ಗೊತ್ತು’ ಎನ್ನುತ್ತೇವೆ, ಉರ್ದುವಿನಲ್ಲಿ ‘ಮುಜೆ ಮಾಲೂಮ್’ ಎನ್ನುತ್ತೇವೆ. ಎರಡರಲ್ಲೂ ಕೆಲಸ ನಡೆಯುತ್ತಿರುವ ರೂಪವಿಲ್ಲ.

‘ಐ ಆಮ್ ಹ್ಯಾವಿಂಗ್ ಟೂ ಸಿಸ್ಟರ್ಸ್’ ಎಂಬುದರ ಹಿಂದೆ ಬಹುಶಃ ಕನ್ನಡದ ‘ಇದ್ದಾರೆ’ ಇದೆ. ‘ಓದುತ್ತಿದ್ದಾರೆ’ ಎಂಬುದರಲ್ಲೂ ‘ಇಬ್ಬರು ತಂಗಿಯರಿದ್ದಾರೆ’ ಎಂಬುದರಲ್ಲೂ ಅದೇ ‘ಇದ್ದಾರೆ’ ಕೇಳುತ್ತದೆ. ಆದರೆ ತಂಗಿಯರಿರುವುದು ನಡೆಯುತ್ತಿರುವ ಕೆಲಸವಲ್ಲ. ಆದ್ದರಿಂದ ‘ಐ ಹ್ಯಾವ್ ಟೂ ಸಿಸ್ಟರ್ಸ್’. ಐಎನ್‌ಜಿ ಮೇಲಿನ ಈ ಪ್ರೀತಿ ಇಡೀ ಭಾರತದಲ್ಲಿದೆ. ಮುಂಬೈಯ ಕವಿ ನಿಸ್ಸಿಮ್ ಎಜೆಕಿಯಲ್ ‘ಗುಡ್‌ಬೈ ಪಾರ್ಟಿ ಫಾರ್ ಮಿಸ್ ಪುಷ್ಪಾ ಟಿ.ಎಸ್.’ ಎಂಬ ಪದ್ಯವನ್ನು ಇದೇ ಧಾಟಿಯಲ್ಲಿ ಬರೆದು ನಗಿಸಿದ್ದಾರೆ.

ಕಾಮರ್ಸ್ ವಿದ್ಯಾರ್ಥಿಗಳಿಗೆ ಇದು ಏಕೆ ಬೇಕು?

ಅರ್ಥಶಾಸ್ತ್ರದ ಬೇಡಿಕೆಯ ನಿಯಮವನ್ನೇ ತೆಗೆದುಕೊಳ್ಳಿ. ಉಳಿದ ಅಂಶಗಳು ಬದಲಾಗದಿದ್ದರೆ, ‘ವೆನ್ ಪ್ರೈಸ್ ರೈಸಸ್, ಕ್ವಾಂಟಿಟಿ ಡಿಮಾಂಡೆಡ್ ಫಾಲ್ಸ್’. ಇದು ನಿಯಮ. ಇದನ್ನೇ ‘ಪ್ರೈಸ್ ಈಸ್ ರೈಸಿಂಗ್, ಡಿಮಾಂಡ್ ಈಸ್ ಫಾಲಿಂಗ್’ ಎಂದು ಬರೆದರೆ ಅದು ನಿಯಮವಾಗಿ ಉಳಿಯದೆ ಇವತ್ತಿನ ಮಾರುಕಟ್ಟೆಯ ವರದಿಯಾಗುತ್ತದೆ. ಕಡೂರಿನ ಮಂಡಿಯಲ್ಲಿ ಈರುಳ್ಳಿ ದರದ ಬಗ್ಗೆ ಮಾತಾಡುವಾಗ ಎರಡನೆಯದು ಸರಿ, ಪರೀಕ್ಷೆಯಲ್ಲಿ ನಿಯಮ ಬರೆಯುವಾಗ ಮೊದಲನೆಯದು ಸರಿ. ಅಕೌಂಟೆನ್ಸಿಯಲ್ಲಿಯೂ ಅಷ್ಟೆ: ‘ಎ ಬ್ಯಾಲೆನ್ಸ್ ಶೀಟ್ ಶೋಸ್’, ‘ಡಿಪ್ರಿಸಿಯೇಷನ್ ರೆಡ್ಯೂಸಸ್’. ವ್ಯಾಖ್ಯೆ ಬರೆಯುವ ಟೆನ್ಸ್ ಇದು.

ಇದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ನಮ್ಮಲ್ಲಿ ಅನೇಕರ ಮನೆಗಳಲ್ಲಿ ಇಂಗ್ಲಿಷಿನಲ್ಲಿ ಅರ್ಜಿ ಬರೆಯುವ ಮೊದಲ ಕೈ ನಮ್ಮದೇ. ವಿದ್ಯಾರ್ಥಿವೇತನದ ಅರ್ಜಿ, ಹಾಸ್ಟೆಲ್ಲಿನ ಅರ್ಜಿ, ಬ್ಯಾಂಕಿಗೆ ಕೊಡುವ ಪತ್ರ, ಎಲ್ಲದರಲ್ಲೂ ಕೇಳುವುದು ಮನೆಯ ಸ್ಥಿತಿಯನ್ನು: ತಂದೆ ಏನು ಮಾಡುತ್ತಾರೆ, ವರ್ಷದ ಆದಾಯ ಎಷ್ಟು, ಮನೆಯಲ್ಲಿ ಎಷ್ಟು ಜನ. ಇವೆಲ್ಲ ಸಿಂಪಲ್ ಪ್ರೆಸೆಂಟಿನ ಉತ್ತರಗಳು. ‘ಮೈ ಬ್ರದರ್ ವರ್ಕ್ಸ್ ಇನ್ ಬೆಂಗಳೂರು’ ಎಂದರೆ ಅಣ್ಣನಿಗೆ ಅಲ್ಲಿ ನೆಲೆಯಾದ ಕೆಲಸ ಇದೆ ಎಂದು. ‘ಈಸ್ ವರ್ಕಿಂಗ್ ಇನ್ ಬೆಂಗಳೂರು’ ಎಂದರೆ ಸದ್ಯಕ್ಕೆ ಅಲ್ಲಿದ್ದಾನೆ ಎಂದೂ ಓದಬಹುದು. ಕೂಲಿಗೆ ಕೆಲವು ತಿಂಗಳು ಮಾತ್ರ ಹೋದವನ ಬಗ್ಗೆ ‘ವರ್ಕ್ಸ್’ ಎಂದು ಬರೆದರೆ ಓದುವವರು ಆ ಮನೆಗೆ ನಿಶ್ಚಿತ ಸಂಬಳ ಬರುತ್ತದೆ ಎಂದು ತಿಳಿಯಬಹುದು. ಎರಡೂ ವಾಕ್ಯಗಳಲ್ಲಿ ವ್ಯಾಕರಣ ಸರಿಯಿದೆ. ಯಾವುದು ನಿಜವೋ ಅದನ್ನು ಬರೆಯಲು ಎರಡರ ವ್ಯತ್ಯಾಸ ಗೊತ್ತಿರಬೇಕು.

ಸಂದರ್ಶನದಲ್ಲಿ ‘ವಾಟ್ ಡಸ್ ಯುವರ್ ಫಾದರ್ ಡು?’ ಎಂದು ಕೇಳಿದರೆ ಅದು ಕಸುಬಿನ ಪ್ರಶ್ನೆ. ಅಪ್ಪ ಈ ಹೊತ್ತಿನಲ್ಲಿ ಏನು ಮಾಡುತ್ತಿದ್ದಾರೆ ಎಂದು ಕೇಳುತ್ತಿಲ್ಲ. ‘ಹಿ ಗ್ರೋಸ್ ರಾಗಿ’, ‘ಹಿ ಡ್ರೈವ್ಸ್ ಆನ್ ಆಟೋ’, ‘ಹಿ ರಿಪೇರ್ಸ್ ಸೈಕಲ್ಸ್’ ಎಂದು ಎಸ್ ಬಿಡದೆ ತಲೆ ಎತ್ತಿ ಹೇಳಬಹುದು.

ಅಭ್ಯಾಸ

ಇವನ್ನು ಇಂಗ್ಲಿಷಿಗೆ ತನ್ನಿ. ಉತ್ತರ ನೋಡುವ ಮೊದಲು ಮನೆಮಾತಿನಲ್ಲಿ ಒಮ್ಮೆ ಹೇಳಿಕೊಳ್ಳಿ.

1. ಅಮ್ಮ ಬೆಳಿಗ್ಗೆ ಬೇಗ ಏಳುತ್ತಾರೆ.
2. ಅವಳಿಗೆ ಉತ್ತರ ಗೊತ್ತಿಲ್ಲ.
3. ಈ ಬಸ್ ಎಮ್ಮೆದೊಡ್ಡಿಗೆ ಹೋಗುತ್ತದೆಯೇ?
4. ನನ್ನ ತಮ್ಮ ಈಗ ಓದುತ್ತಿದ್ದಾನೆ.
5. ಅವರು ಅಡಿಕೆ ಮಾರುತ್ತಾರೆ. (ಒಬ್ಬರೇ ಗಂಡಸು)
6. ಮಳೆ ಬಂದರೆ ಕೆರೆ ತುಂಬುತ್ತದೆ.

ಉತ್ತರಗಳು: 1. ಮದರ್ ಗೆಟ್ಸ್ ಅಪ್ ಅರ್ಲಿ ಇನ್ ದಿ ಮಾರ್ನಿಂಗ್. 2. ಶಿ ಡಸ್ ನಾಟ್ ನೋ ದಿ ಆನ್ಸರ್. 3. ಡಸ್ ದಿಸ್ ಬಸ್ ಗೋ ಟು ಎಮ್ಮೆದೊಡ್ಡಿ? 4. ಮೈ ಬ್ರದರ್ ಈಸ್ ರೀಡಿಂಗ್ ನೌ. 5. ಹಿ ಸೆಲ್ಸ್ ಅರೆಕಾನಟ್. 6. ಇಫ್ ಇಟ್ ರೇನ್ಸ್, ದಿ ಟ್ಯಾಂಕ್ ಫಿಲ್ಸ್.

ಆರರಲ್ಲಿ ಒಂದು ಮಾತ್ರ ಸಿಂಪಲ್ ಪ್ರೆಸೆಂಟ್ ಅಲ್ಲ. ಅದು ನಾಲ್ಕನೆಯದು, ಏಕೆಂದರೆ ಅಲ್ಲಿ ತಮ್ಮ ಈಗ ಓದುತ್ತಿದ್ದಾನೆ. ಐದನೆಯದರಲ್ಲಿ ‘ದೇ ಸೆಲ್’ ಎಂದು ಬರೆದವರು ಗೌರವದ ಭಾಗವನ್ನು ಇನ್ನೊಮ್ಮೆ ಓದಿ. ಮುಂದಿನ ವಾರ ಪ್ರತಿದಿನ ಮನೆಯವರು ಮಾಡುವ ಐದು ಕೆಲಸಗಳನ್ನು ಇಂಗ್ಲಿಷಿನಲ್ಲಿ ಬರೆದು, ಪಕ್ಕದವರ ಜೊತೆ ನೋಟ್‌ಬುಕ್ ಬದಲಿಸಿಕೊಂಡು ಎಸ್ ಎಣಿಸಿರಿ.